ಶಿಕ್ಷೆ ಎಂಬ ಶಬ್ದ

ಮನುಷ್ಯರಂತೆ ಶಬ್ದಗಳಿಗೂ ಊರು ಬದಲಾದಾಗ ಸ್ವಭಾವವು ಬದಲಾಗುವದುಂಟು. ‘ಶಿಕ್ಷಾ’ ಎಂಬ ಸಂಸ್ಕೃತ ಶಬ್ದವನ್ನೇ ನೋಡಬೇಕು. ವೇದದ ಆರು ಅಂಗಗಳಲ್ಲಿ ಒಂದಕ್ಕೆ ಶಿಕ್ಷೆಯೆಂದು ಹೆಸರು. ಯಾವ ಅಕ್ಷರವನ್ನು ಯಾವ ಸ್ಥಾನದಿಂದ, ಎಂಥ ಪ್ರಯತ್ನದಿಂದ, ಯಾವ ಸ್ವರದಿಂದ ಉಚ್ಚರಿಸಬೇಕೆಂಬದನ್ನು ತಿಳಿಸುವದೇ ಅದರ ಕೆಲಸ. ತೈತ್ತಿರೀಯೋಪನಿಷತ್ತಿನ ಮೊದಲನೆಯ ಭಾಗವು ಶೀಕ್ಷಾವಲ್ಲಿ. ಹಿಂದೀ ಭಾಷೆಯವರು ಇಂದಿಗೂ ವಿದ್ಯಾಭ್ಯಾಸಕ್ಕೆ ಈ ಶಬ್ದವನ್ನೇ ಬಳಸುವರು. ಆದರೆ ಅದೇ ಶಬ್ದವು ಕನ್ನಡಕ್ಕೂ ಮರಾಠಿಗೂ ಬಂದು ಸೇರಿದಾಗ ಕೈಯಲ್ಲಿ ಕೋಲು ಹಿಡಿದುಕೊಂಡಿತು. ಕಲಿಸುವದು ಶಿಕ್ಷಣವೆಂದೂ ದಂಡಿಸುವದು ಶಿಕ್ಷೆಯೆಂದೂ ಒಂದೇ ಧಾತುವಿನ ಮಕ್ಕಳು ಎರಡು ಮನೆ ಮಾಡಿಕೊಂಡರು. ಮನೆಗಳು ಬೇರೆಯಾದರೂ ಅವುಗಳ ನಡುವಿನ ಗೋಡೆಯು ಬಹು ತೆಳ್ಳಗಿನದು. ದಂಡಿಸಿದೊಡನೆಯೇ ಕಲಿಸಿದಂತಾಯಿತೆಂದು ತಿಳಿಯುವ ತಾಯಿತಂದೆಗಳೂ ಗುರುಗಳೂ ಎಂದೂ ಕಡಿಮೆಯಾಗಿಲ್ಲ. ಇವೆರಡೂ ಒಂದಲ್ಲವೆಂಬದನ್ನು ದೊಡವಾಡದ ಗೃಹಸ್ಥರೊಬ್ಬರಿಗೆ ಒಂದು ನಾಯಿಯು ತಿಳಿಸಿಕೊಟ್ಟ ಸಂಗತಿಯು ವಾಚಕರಿಗೆ ಉಪಯುಕ್ತವಾದೀತೆಂದು ಇಲ್ಲಿ ನಿರೂಪಿಸಲ್ಪಟ್ಟಿದೆ.

ಬೈಲಹೊಂಗಲ ತಾಲೂಕಿನ ದೊಡವಾಡವು ಎರೆಭೂಮಿಯ ಊರು. ಮಳೆ ಬಿದ್ದರೆ ಕಾಲಿಗೆ ಹತ್ತಿದ ಮಣ್ಣು ಬಿಡಲೊಲ್ಲದು. ಬೇಸಿಗೆಯಲ್ಲಿ ಅದೇ ಮಣ್ಣು ಕೈ ತೂರುವಷ್ಟು ಬಿರಿಯುವದು. ಜೋಳ, ಕಡಲೆ, ಹತ್ತಿಗಳ ಸುಗ್ಗಿ ಮುಗಿದು ಹೊಲಗಳು ಬರಿದಾದ ಮೇಲೆ ದೃಷ್ಟಿ ಹರಿದಷ್ಟು ದೂರ ಮರೆಯೆಂಬದೇ ಇಲ್ಲ. ಇಂಥ ಬಯಲಿನಲ್ಲಿ ಓಡುವದಕ್ಕಾಗಿಯೇ ಹುಟ್ಟಿತೋ ಎನ್ನುವಂಥದು ಮುಧೋಳದ ನಾಯಿ. ಸಣ್ಣ ತಲೆ, ಉದ್ದವಾದ ಮೋರೆ, ಆಳವಾದ ಎದೆ, ಬೆನ್ನಿಗೆ ಹತ್ತಿದಂಥ ಹೊಟ್ಟೆ, ಬಿಲ್ಲಿನಂಥ ನಡು, ಎರಡಡಿಗೂ ಮಿಕ್ಕಿದ ಎತ್ತರ. ಇದು ವಾಸನೆ ಹಿಡಿದು ಬೇಟೆಯಾಡುವ ಜಾತಿಯಲ್ಲ. ಕಣ್ಣಿನಿಂದ ಕಂಡು ಬೆನ್ನಟ್ಟುವ ಜಾತಿ. ಮುಧೋಳ ಸಂಸ್ಥಾನದ ಅರಸರಾಗಿದ್ದ ಮಾಲೋಜಿರಾವ ಘೋರ್ಪಡೆಯವರು ಬೇಡರ ಮನೆಗಳಲ್ಲಿದ್ದ ಈ ನಾಯಿಗಳ ಯೋಗ್ಯತೆಯನ್ನು ಗುರುತಿಸಿ, ತಳಿಯನ್ನು ಶುದ್ಧವಾಗಿ ಬೆಳೆಯಿಸಿ, ಇಂಗ್ಲಂಡಿನ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟರೆಂದು ಪ್ರಸಿದ್ಧವಿದೆ. ಭಾರತದ ಅಂಚೆ ಇಲಾಖೆಯು 2005ರಲ್ಲಿ ಇದರ ಚಿತ್ರದ ಚೀಟಿಯನ್ನು ಹೊರಡಿಸಿತು. 2016ರಲ್ಲಿ ಮೀರತ್ತಿನ ಸೈನ್ಯದ ಶ್ವಾನಶಾಲೆಗೆ ಇದರ ಮರಿಗಳು ಹೋದವು. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಈ ತಳಿಗಾಗಿಯೇ ಒಂದು ಸಂಶೋಧನ ಕೇಂದ್ರವಿದೆ.

ಕನ್ನಡನಾಡಿನಲ್ಲಿ ನಾಯಿಗೆ ದೊರೆತ ಮನ್ನಣೆಯು ಇಂದು ನಿನ್ನೆಯದಲ್ಲ. ಮದ್ದೂರು ತಾಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ, ಹತ್ತನೆಯ ಶತಮಾನದ ನಡುವಿನ ಶಿಲಾಶಾಸನವು ಇದಕ್ಕೆ ಸಾಕ್ಷಿ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನು, ಒಡೆಯನು ಮೆಚ್ಚಿ ಬೇಕಾದುದನ್ನು ಬೇಡೆಂದಾಗ, ಕಾಳಿಯೆಂಬ ನಾಯಿಯನ್ನು ಬೇಡಿದನು. ಆ ಕಾಳಿಯು ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಸತ್ತುಹೋಗಲು, ಅದಕ್ಕಾಗಿ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಉಂಡ ಪೂಜಾರಿಗೆ ಪಾಪವೆಂದು ಬರೆಯಿಸಿದರು. ಮೈಲಾರಲಿಂಗನ ಒಕ್ಕಲಿನವರಲ್ಲಿಯೂ ನಾಯಿಗೆ ದೇವರ ಪರಿವಾರದ ಸ್ಥಾನವಿದೆ. ಇಷ್ಟೆಲ್ಲ ಇದ್ದರೂ ಬೈಯುವಾಗ ನಮ್ಮ ಬಾಯಿಗೆ ಮೊದಲು ಬರುವ ಶಬ್ದವು ನಾಯಿಯೇ! ಪೂಜೆಗೂ ಬೈಗುಳಕ್ಕೂ ನಡುವೆ, ಅದನ್ನು ತಿಳಿದುಕೊಳ್ಳುವದೊಂದು ಉಳಿದೇಬಿಟ್ಟಿದೆ.

ಕೆಲವು ವರುಷಗಳ ಹಿಂದೆ ದೊಡವಾಡದ ಆ ಗೃಹಸ್ಥರು ಮುಧೋಳದ ಕಡೆಯಿಂದ ಇಂಥದೊಂದು ಮರಿಯನ್ನು ತಂದರು. ಅವರು ಮಧ್ಯಮ ಸ್ಥಿತಿಯ ಒಕ್ಕಲುತನದವರು. ಮನೆಯಲ್ಲಿ ವೃದ್ಧೆಯಾದ ತಾಯಿ, ಹೆಂಡತಿ, ಹನ್ನೊಂದು ವರುಷದ ಒಬ್ಬ ಮಗ. ಮರಿಗೆ ಮೋತಿಯೆಂದು ಹೆಸರಿಟ್ಟರು. ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿಯನ್ನು ತಿಂದು ಅದು ಎಂಟು ತಿಂಗಳಲ್ಲಿ ಆಳೆತ್ತರದ ಗೋಡೆಯನ್ನು ಹಾರುವಷ್ಟಾಯಿತು. ಬೆಳೆದಂತೆ ದುರ್ಗುಣಗಳೂ ಬೆಳೆದವು. ಬಂದವರ ಹೆಗಲ ಮೇಲೆ ಮುಂಗಾಲಿಟ್ಟು ಬಟ್ಟೆಯನ್ನು ಕೆಸರು ಮಾಡುವದು, ಪಡಸಾಲೆಯಲ್ಲಿ ಬಿಟ್ಟ ಕೆರವುಗಳನ್ನು ಕಚ್ಚಿ ಹರಿಯುವದು, ನೆರೆಯವರ ಕೋಳಿಗಳನ್ನು ಅಟ್ಟುವದು, ಬಯಲಿಗೆ ಬಿಟ್ಟರೆ ಕರೆದರೂ ಬಾರದಿರುವದು, ಇವು ಮುಖ್ಯವಾದವು.

ಯಜಮಾನರು ಕೆಟ್ಟವರಲ್ಲ. ಆದರೆ ತಮ್ಮ ತಂದೆಯು ತಮ್ಮನ್ನು ಹೇಗೆ ತಿದ್ದಿದ್ದರೋ ಹಾಗೆಯೇ ಎಲ್ಲರನ್ನೂ ತಿದ್ದಬೇಕೆಂಬದು ಅವರ ತಿಳುವಳಿಕೆ. ಬಾಗಿಲ ಹಿಂದೆ ಎತ್ತುಗಳ ಬಾರಕೋಲು ಇರುತ್ತಿತ್ತು. ಮೋತಿಯು ಹೊಲದಲ್ಲಿ ಅರ್ಧ ತಾಸು ತಿರುಗಾಡಿ, ಕೊನೆಗೆ ಕೂಗಿಗೆ ಓಗೊಟ್ಟು ಬಾಲ ಅಲ್ಲಾಡಿಸುತ್ತ ಬಂದೊಡನೆ, ಕೊರಳಪಟ್ಟಿ ಹಿಡಿದು ಎರಡೇಟು ಹಾಕುವರು. ಮುಂಜಾನೆ ಹರಿದ ಕೆರವಿಗೆ ಸಂಜೆ ಹೊಲದಿಂದ ಬಂದು ಹೊಡೆಯುವರು. ನಾಯಿಯು ಹೊಟ್ಟೆ ನೆಲಕ್ಕೆ ಹಚ್ಚಿ, ಕಿವಿ ಹಿಂದೆ ಮಾಡಿ, ಮೋರೆಯನ್ನು ಹೊರಳಿಸುವದು. “ನೋಡು, ತನ್ನ ತಪ್ಪು ತನಗ ಗೊತ್ತೈತಿ” ಎಂದು ಯಜಮಾನರು ಹೆಂಡತಿಗೆ ಹೇಳುವರು. ಅದಕ್ಕೆ ಗೊತ್ತಿದ್ದದ್ದು ತಪ್ಪಲ್ಲ, ಕೋಲು ಮಾತ್ರ. ತಿಂಗಳೆರಡು ಕಳೆಯುವಷ್ಟರಲ್ಲಿ ನಾಯಿಯು ಕೂಗಿದರೆ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತು ನೋಡಲಾರಂಭಿಸಿತು. ಹತ್ತಿರ ಹೋದರೆ ಮತ್ತೆ ಇಪ್ಪತ್ತು ಹೆಜ್ಜೆ ಹಿಂದೆ ಸರಿಯಿತು. ಒಂದು ದಿನ ಕೈ ನೀಡಿದಾಗ ಹಲ್ಲು ಕಿಸಿಯಿತು.

ಆ ವರುಷ ಸುಗ್ಗಿಯ ತರುವಾಯ, ಗೊಬ್ಬರಕ್ಕಾಗಿ ಕುರಿಹಿಂಡನ್ನು ರಾತ್ರಿ ಹೊಲದಲ್ಲಿ ನಿಲ್ಲಿಸಿಕೊಳ್ಳುವ ವಾಡಿಕೆಯಂತೆ, ಯಜಮಾನರೂ ಒಂದು ಹಿಂಡನ್ನು ಕರೆಯಿಸಿದರು. ಮೂರನೆಯ ದಿನ ಬೆಳಗಿನಲ್ಲಿ ಮೋತಿಯು ಹಗ್ಗ ಕಡಿದುಕೊಂಡು ಹೋಗಿ, ಬೆದರಿ ಓಡಿದ ಕುರಿಗಳನ್ನು ಬೆನ್ನಟ್ಟಿ, ಒಂದು ಮರಿಯನ್ನು ಹಿಡಿದು ಕೊಂದಿತು. ಬಳಿಕ ಯಜಮಾನರು ಕೂಗಿದರು. ಏನಾಯಿತೋ, ಆ ದಿನ ನಾಯಿಯು ಬಂದಿತು. ಜನರೆಲ್ಲ ನೋಡುತ್ತಿರಲು ಯಜಮಾನರು ಬಾರಕೋಲಿನಿಂದ ಅದನ್ನು ಕೈ ಸೋಲುವವರೆಗೆ ಹೊಡೆದರು. ನಾಯಿಯು ಒದರಿತು, ತರುವಾಯ ಒದರುವದನ್ನೂ ಬಿಟ್ಟಿತು.

ಮರಿಯ ಬೆಲೆಯನ್ನೇನೋ ಕೊಟ್ಟರು. ಆದರೆ ಅಗಸೆಯ ಹತ್ತಿರ ಕುಳಿತವರ ಮಾತು ಅಷ್ಟಕ್ಕೆ ಮುಗಿಯಲಿಲ್ಲ. ರಕ್ತದ ರುಚಿ ಕಂಡ ನಾಯಿಯನ್ನು ಇಟ್ಟುಕೊಳ್ಳಬಾರದೆಂದು ಒಬ್ಬನು. ರೊಟ್ಟಿಯಲ್ಲಿ ವಿಷ ಹಾಕಬೇಕೆಂದು ಇನ್ನೊಬ್ಬನು. ಬೈಲಹೊಂಗಲದ ಸಂತೆಗೆ ಒಯ್ದು ಬಿಟ್ಟುಬರಬೇಕೆಂದು ಮತ್ತೊಬ್ಬನು. ಪ್ರಾಣಿಗಳನ್ನು ಹಿಂಸಿಸುವದನ್ನೂ, ವಿಷ ಹಾಕುವದನ್ನೂ, ಅನ್ನನೀರಿಲ್ಲದಂತೆ ಬಿಟ್ಟುಕೊಡುವದನ್ನೂ 1960ರ ಕಾಯದೆಯು ಅಪರಾಧವೆಂದು ಹೇಳಿರುವದು ಅಲ್ಲಿ ಯಾರಿಗೂ ನೆನಪಾಗಲಿಲ್ಲ. ಹುಟ್ಟುಗುಣವು ಸುಟ್ಟರೂ ಹೋಗದೆಂಬ ಗಾದೆ ಮಾತ್ರ ಎಲ್ಲರಿಗೂ ನೆನಪಾಯಿತು. ಮರುದಿನ ಬಂಡಿಯಲ್ಲಿ ಕಟ್ಟಿಕೊಂಡು ಹೋಗಿ ಬಿಟ್ಟುಬರುವದೆಂದು ಯಜಮಾನರು ನಿಶ್ಚಯಿಸಿದರು. ಆ ರಾತ್ರಿ ಹುಡುಗನು ಉಣ್ಣಲಿಲ್ಲ. ಗೋದಲಿಯ ಹತ್ತಿರ ಕಟ್ಟಿದ್ದ ನಾಯಿಯ ಪಕ್ಕದಲ್ಲಿಯೇ ಮಲಗಿದನು.

ಬೆಳಗಾಗುವಾಗ ಕುರಿಗಾರ ಮುದುಕನು ತನ್ನ ಹಿಂಡಿನ ಲೆಕ್ಕ ಮುಗಿಸಲಿಕ್ಕೆ ಬಂದನು. ಹೆಗಲ ಮೇಲೆ ಕಂಬಳಿ, ಹಿಂದೆ ಎರಡು ಕಾವಲು ನಾಯಿಗಳು. ಕಟ್ಟಿದ್ದ ಮೋತಿಯ ಮುಂದೆ ಬಹಳ ಹೊತ್ತು ಕುಳಿತಿದ್ದು, ಕೊನೆಗೆ ಕೇಳಿದನು:

“ಗೌಡ್ರ, ನಿನ್ನೆ ಇದನ್ನ ಯಾಕ ಹೊಡದ್ರಿ?”

“ಯಾಕಂದರೇನಜ್ಜಾ? ನಿನ್ನ ಮರೀನ ಕೊಂದೈತಿ.”

“ಮರಿ ಕೊಲ್ಲುವಾಗ ನೀವು ಅಲ್ಲಿ ಇದ್ದಿಲ್ಲ. ಕೊಂದು ಮುಗಿಸಿತ್ತು. ಆಮ್ಯಾಲೆ ನೀವು ಕರದ್ರಿ, ಅದು ಬಂತು, ಹೊಡದ್ರಿ. ನಾಯಿ ಲೆಕ್ಕಾ ಹಿಂದಿನಿಂದ ಬರೂದಿಲ್ರಿ. ಕರದಾಗ ಬರೂದ ತಪ್ಪು ಅಂತ ಅದು ಕಲತೈತಿ. ಕಲಿಸಿದವರು ನೀವ.”

ಯಜಮಾನರು ಉತ್ತರ ಕೊಡಲಿಲ್ಲ. ಮರಿ ಕಳೆದುಕೊಂಡವನೇ ನಾಯಿಯ ಪಕ್ಷ ಹಿಡಿದದ್ದು ಅವರಿಗೆ ಆಶ್ಚರ್ಯವಾಯಿತು. ಮುದುಕನು ನಗುತ್ತ, ತನ್ನ ನಾಯಿಗಳೂ ಎಳೆತನದಲ್ಲಿ ಕುರಿ ಕಚ್ಚಿದವುಗಳೇ ಎಂದೂ, ಒಂದು ತಿಂಗಳು ತನ್ನ ಮಾತಿನಂತೆ ನಡೆದು ನೋಡಬೇಕೆಂದೂ ಹೇಳಿದನು. ಬಂಡಿ ಹೂಡುವದು ನಿಂತಿತು.

ಶಾಲೆಯ ಮೆಟ್ಟಿಲು ಹತ್ತದ ಆ ಮುದುಕನು ಹೇಳಿದ ಮಾತು ಭಾರತದ ಆದಿಪರ್ವದಲ್ಲಿಯೇ ಇದೆ. ಜನಮೇಜಯನು ಕುರುಕ್ಷೇತ್ರದಲ್ಲಿ ದೀರ್ಘಸತ್ರವನ್ನು ನಡೆಸುತ್ತಿರಲು ದೇವಶುನಿಯಾದ ಸರಮೆಯ ಮಗನು ಅಲ್ಲಿಗೆ ಬಂದನು. ಅರಸನ ತಮ್ಮಂದಿರಾದ ಶ್ರುತಸೇನ, ಉಗ್ರಸೇನ, ಭೀಮಸೇನರು ಅವನನ್ನು ಹೊಡೆದರು. ಮರಿಯು ಅಳುತ್ತ ತಾಯಿಯ ಬಳಿಗೆ ಹೋಗಿ, ತಾನು ಹವಿಸ್ಸನ್ನು ನೆಕ್ಕಲಿಲ್ಲ, ನೋಡಲೂ ಇಲ್ಲವೆಂದು ಹೇಳಿತು. ಸರಮೆಯು ಬಂದು, ನನ್ನ ಮಗನನ್ನು ಯಾವ ಅಪರಾಧಕ್ಕಾಗಿ ಹೊಡೆದಿರೆಂದು ಕೇಳಲು, ಅವರಲ್ಲಿ ಉತ್ತರವಿರಲಿಲ್ಲ. ನಿಮಗೂ ಕಾರಣ ಕಾಣದ ಭಯವು ಒದಗಲೆಂದು ಆಕೆಯು ಶಪಿಸಿದಳು. ಈ ಶಾಪದ ಸ್ವರೂಪವನ್ನು ವಿಚಾರಿಸಬೇಕು. ಏಕೆ ಬಿತ್ತೆಂದು ತಿಳಿಯದ ಏಟಿನಿಂದ ಹುಟ್ಟುವದು ಇಂಥ ಭಯವೇ. ಎಲ್ಲಿಂದ, ಯಾವಾಗ, ಯಾತಕ್ಕೆ ಎಂಬದು ಗೊತ್ತಾಗದ ಭಯ. ಸರಮೆಯು ಬೇರೆ ಏನನ್ನೂ ಕೊಡಲಿಲ್ಲ. ಅವರು ಕೊಟ್ಟದ್ದನ್ನೇ ಅವರಿಗೆ ಹಿಂದಕ್ಕೆ ಕೊಟ್ಟಳು.

ಆಧುನಿಕ ಶಾಸ್ತ್ರವೂ ಇದನ್ನೇ ಬೇರೆ ಭಾಷೆಯಲ್ಲಿ ಹೇಳುತ್ತದೆ. ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ರಶಿಯದ ಪಾವ್ಲೋವ್ ಪಂಡಿತನು, ಅನ್ನದ ಮುಂಚೆ ಪ್ರತಿಸಲವೂ ಒಂದು ಧ್ವನಿಯನ್ನು ಕೇಳಿಸಿದರೆ ಕೆಲವು ದಿನಗಳಲ್ಲಿ ಆ ಧ್ವನಿಯೊಂದಕ್ಕೇ ನಾಯಿಯ ಬಾಯಲ್ಲಿ ನೀರೂರುವದೆಂದು ತೋರಿಸಿದನು. ಹತ್ತಿರ ಹತ್ತಿರ ನಡೆದ ಎರಡು ಸಂಗತಿಗಳನ್ನು ನಾಯಿಯ ಮನಸ್ಸು ಗಂಟು ಹಾಕುವದು. ನಡುವೆ ಕೆಲವು ಗಳಿಗೆ ಕಳೆದರೆ ಗಂಟು ಬೀಳುವದಿಲ್ಲ. ಕೂಗಿನ ಬೆನ್ನಿಗೇ ಅನ್ನವು ಬಂದರೆ ಕೂಗು ಪ್ರಿಯವಾಗುವದು; ಏಟು ಬಂದರೆ ಅಪ್ರಿಯವಾಗುವದು. ಮುಂಜಾನೆಯ ಕೆರವು ಸಂಜೆಯ ಕೋಲಿನೊಡನೆ ಎಂದಿಗೂ ಕೂಡುವದಿಲ್ಲ. ಏಟು ತಿಂದ ನಾಯಿಯು ನೆಲಕ್ಕೆ ಒರಗಿ ಮೋರೆ ಹೊರಳಿಸುವದು ಪಶ್ಚಾತ್ತಾಪದಿಂದಲ್ಲ; ಯಜಮಾನನ ಕೋಪವನ್ನು ಶಾಂತಗೊಳಿಸಲಿಕ್ಕೆ ಅದಕ್ಕೆ ಗೊತ್ತಿರುವ ಉಪಾಯವು ಅದೊಂದೇ.

ಮುದುಕನು ಹೇಳಿಕೊಟ್ಟ ಕ್ರಮವು ಹೀಗಿತ್ತು. ಮೊದಲನೆಯದಾಗಿ, ಮೋತಿಯೆಂಬ ಹೆಸರು ಕೆಟ್ಟುಹೋಗಿದೆಯಾದ್ದರಿಂದ ಕರೆಯುವದಕ್ಕೆ ಹೊಸದೊಂದು ಧ್ವನಿ ಬೇಕು. ಕುರಿಗಾರರು ಹಾಕುವಂಥ ಸಿಳ್ಳನ್ನು ಯಜಮಾನರು ಕಲಿತರು. ಹತ್ತು ದಿನಗಳವರೆಗೆ ಸಿಳ್ಳು ಹಾಕಿದಾಗಲೆಲ್ಲ, ನಾಯಿಯು ಏನು ಮಾಡುತ್ತಿದ್ದರೂ, ರೊಟ್ಟಿಯ ಚೂರೊಂದನ್ನು ಕೊಡುವದು, ಬೇರೇನನ್ನೂ ಕೇಳುವದಿಲ್ಲ. ಎರಡನೆಯದಾಗಿ, ಇಪ್ಪತ್ತು ಮೊಳದ ಹಗುರಾದ ಹಗ್ಗವನ್ನು ಕೊರಳಪಟ್ಟಿಗೆ ಕಟ್ಟಿ ಹೊಲದಲ್ಲಿ ಬಿಡುವದು. ಹಗ್ಗವಿರುವದು ಜಗ್ಗಿ ನೋಯಿಸುವದಕ್ಕಲ್ಲ. ಓಡಿಹೋಗುವ ಅವಕಾಶವು ಸಿಗದಿರಲೆಂದು. ಬೆನ್ನಟ್ಟುವದೇ ಆ ಜಾತಿಗೆ ಒಂದು ಹಬ್ಬ. ಒಮ್ಮೆ ಬೆನ್ನಟ್ಟಿ ಸುಖಪಟ್ಟರೆ ಆ ಸುಖವೇ ಅದಕ್ಕೆ ಸಂಭಾವನೆಯಾಗಿ, ಹತ್ತು ದಿನಗಳ ಪಾಠವು ಅಳಿಸಿಹೋಗುವದು. ಮೂರನೆಯದಾಗಿ, ಸಿಳ್ಳಿಗೆ ಬಂದ ನಾಯಿಯನ್ನು ಪ್ರತಿಸಲವೂ ಕಟ್ಟಿಹಾಕದೆ, ಚೂರು ಕೊಟ್ಟು, ಮೈಸವರಿ, ಮತ್ತೆ ಆಡಲಿಕ್ಕೆ ಬಿಡುವದು. ಬಂದರೆ ಆಟವು ಮುಗಿಯುವದೆಂದು ಅದಕ್ಕೆ ತೋರಬಾರದು. ನಾಲ್ಕನೆಯದಾಗಿ, ಪ್ರತಿದಿನ ಬೆಳಿಗ್ಗೆ ಉಸಿರುಬಿಡುವಷ್ಟು ಓಡಿಸುವದು. ದಿನವಿಡೀ ಗೂಟಕ್ಕೆ ಬಿಗಿದ ಓಟಗಾರನು ಕೆರವು ಹರಿಯದೆ ಮತ್ತೇನು ಮಾಡಬೇಕು?

ಕುರಿಗಳ ಪಾಠವು ಎಲ್ಲಕ್ಕೂ ಕಠಿನವಾದದ್ದು. ಮೊದಲು ಇನ್ನೂರು ಹೆಜ್ಜೆ ದೂರದಲ್ಲಿ ಹಗ್ಗ ಹಿಡಿದು ಕುಳಿತುಕೊಳ್ಳಬೇಕು. ನಾಯಿಯು ಹಿಂಡನ್ನು ನೋಡಿ, ಕಿವಿ ನೆಟ್ಟಗೆ ಮಾಡಿ, ಬಿಲ್ಲಿನಂತೆ ಬಿಗಿಯುವದು. ಆಗ ಸುಮ್ಮನಿರಬೇಕು. ಯಾವ ಕ್ಷಣದಲ್ಲಿ ತಾನಾಗಿ ಮೋರೆ ತಿರುಗಿಸಿ ಯಜಮಾನನನ್ನು ನೋಡುವದೋ ಆ ಕ್ಷಣದಲ್ಲಿಯೇ ಚೂರು ಕೊಡಬೇಕು. ಎರಡು ಉಸಿರು ತಡವಾದರೂ ವ್ಯರ್ಥ. ಮೊದಲನೆಯ ದಿನ ಒಂದು ತಾಸಿನಲ್ಲಿ ಮೂರು ಸಲ ಮಾತ್ರ ನೋಡಿತು. ಎಂಟನೆಯ ದಿನ ಎಣಿಸುವದನ್ನು ಬಿಟ್ಟರು. ಹತ್ತು ಹೆಜ್ಜೆ ಮುಂದೆ, ಮತ್ತೆ ಹತ್ತು ಹೆಜ್ಜೆ ಮುಂದೆ. ಬಿಗಿದುಕೊಂಡರೆ ಇಪ್ಪತ್ತು ಹೆಜ್ಜೆ ಹಿಂದೆ.

ಮನೆಯೊಳಗಿನ ತಿದ್ದುಪಡಿಯಲ್ಲಿ ಅರ್ಧ ಪಾಲು ಮನೆಯವರಿಗೇ ಸಂಬಂಧಿಸಿದ್ದು. ಕೆರವುಗಳು ಮಾಡದೊಳಗೆ ಏರಿದವು. ಹಿತ್ತಲಿನ ಬೇಲಿಯ ಕಂಡಿಗಳು ಮುಚ್ಚಿ ಕೋಳಿಗಳು ಕಣ್ಣಿಗೆ ಬೀಳದಾದವು. ಮೈಮೇಲೆ ಹಾರಿದರೆ ಯಾರೂ ಮಾತಾಡದೆ ಬೆನ್ನು ತಿರುಗಿಸುವದು, ನಾಲ್ಕೂ ಕಾಲು ನೆಲಕ್ಕಿಟ್ಟಾಗ ಮಾತ್ರ ಪ್ರೀತಿ ಮಾಡುವದು ಎಂದು ನಿಯಮವಾಯಿತು. ಆದರೂ ಇಪ್ಪತ್ತು ದಿನವಾದರೂ ಆ ದುರ್ಗುಣವು ಹೋಗಲಿಲ್ಲ. ವಿಚಾರಿಸಲಾಗಿ, ಮಧ್ಯಾಹ್ನ ಎಲ್ಲರೂ ಹೊಲಕ್ಕೆ ಹೋದ ಮೇಲೆ ಅಜ್ಜಿಯು “ಪಾಪ, ಎಷ್ಟ ಅಕ್ಕರತಿಲೆ ಹಾರತೈತಿ” ಎಂದು ಹಾರಿದಾಗಲೆಲ್ಲ ಬೆಲ್ಲ ಹಚ್ಚಿದ ರೊಟ್ಟಿಯನ್ನು ಕೊಡುತ್ತಿದ್ದದ್ದು ಬೈಲಿಗೆ ಬಂದಿತು! ಒಬ್ಬರು ಬಿಗಿಹಿಡಿದು ಒಬ್ಬರು ಸಡಿಲಬಿಟ್ಟರೆ ಮಗುವೂ ಕಲಿಯದು, ನಾಯಿಯೂ ಕಲಿಯದು.

ಇಷ್ಟರಲ್ಲಿ ಮಳೆಗಾಲವು ಬಂದು ಶಾಲೆಗಳು ಆರಂಭವಾದವು. ಹುಡುಗನು ಲೆಕ್ಕದಲ್ಲಿ ಹಿಂದುಳಿದವನು. ಒಂದು ದಿನ ಪರೀಕ್ಷೆಯ ಅಂಕಗಳ ಕಾಗದಕ್ಕೆ ತಂದೆಯ ಸಹಿ ಮಾಡಿಸಿಕೊಂಡು ಬಾರೆಂದು ಗುರುಗಳು ಕಳಿಸಿದ್ದರು. ದೀಪ ಹಚ್ಚುವ ಹೊತ್ತಾದರೂ ಹುಡುಗನು ಮನೆಗೆ ಬರಲಿಲ್ಲ. ಕಾಗದದ ಸುದ್ದಿಯು ನೆರೆಯ ಹುಡುಗರಿಂದ ತಿಳಿದು, ಯಜಮಾನರು ಹಿತ್ತಲಿಗೆ ಬಂದು ಮಗನ ಹೆಸರು ಹಿಡಿದು ಗಟ್ಟಿಯಾಗಿ ಕೂಗಿದರು. ಉತ್ತರವಿಲ್ಲ. ಎರಡನೆಯ ಸಲ ಇನ್ನೂ ಗಟ್ಟಿಯಾಗಿ ಕೂಗಿದರು. ಕಾಲ ಬಳಿ ನಿಂತಿದ್ದ ಮೋತಿಯು ಆ ಧ್ವನಿಯನ್ನು ಕೇಳಿ ಕಿವಿ ಹಿಂದೆ ಮಾಡಿ ನೆಲಕ್ಕೆ ಒರಗಿತು. ಎಷ್ಟೋ ದಿನಗಳಿಂದ ಅದು ಹಾಗೆ ಒರಗಿರಲಿಲ್ಲ.

ಮೂರನೆಯ ಕೂಗು ಯಜಮಾನರ ಬಾಯಲ್ಲಿಯೇ ಉಳಿಯಿತು. ಬಣಿವೆಯ ಹಿಂದೆ ಹುಡುಗನು ಇರುವನೆಂಬದು ಅವರಿಗೆ ತಿಳಿದಿತ್ತು. ಕಳೆದ ವರುಷವೂ ಅಲ್ಲಿಯೇ ಇದ್ದನು, ಕೂಗಿದಾಗ ಬಂದಿದ್ದನು. ಬಂದಾಗ ಏನಾಯಿತೆಂಬದೂ ನೆನಪಾಯಿತು. ಅವರು ಕಟ್ಟೆಯ ಮೇಲೆ ಕುಳಿತುಬಿಟ್ಟರು. ಸ್ವಲ್ಪ ಹೊತ್ತಿಗೆ ನಾಯಿಯು ಎದ್ದು ಬಣಿವೆಯ ಕಡೆಗೆ ಹೋಯಿತು. ಇನ್ನೂ ಸ್ವಲ್ಪ ಹೊತ್ತಿಗೆ ಹುಡುಗನು ಕಾಗದ ಹಿಡಿದುಕೊಂಡು ಬಂದು, ಕೈಗೆ ಸಿಗದಷ್ಟು ದೂರದಲ್ಲಿ ನಿಂತನು. ಆ ಅಂತರವು ಹೆಚ್ಚು ಕಡಿಮೆ ಇಪ್ಪತ್ತು ಹೆಜ್ಜೆ.

“ಬಾರಪ್ಪಾ, ಊಟಾ ಮಾಡು. ಲೆಕ್ಕಾ ನಾಳೆ ಇಬ್ಬರೂ ಕೂಡಿ ನೋಡೂಣು” ಎಂದರು ತಂದೆ.

ಹುಡುಗನು ಕೂಡಲೇ ಬರಲಿಲ್ಲ. ಕೆಟ್ಟ ಹೆಸರನ್ನು ಒಂದೇ ದಿನದಲ್ಲಿ ಸರಿಪಡಿಸಲಿಕ್ಕಾಗದೆಂಬದು ಯಜಮಾನರಿಗೆ ಅಷ್ಟರಲ್ಲಿ ತಿಳಿದಿದ್ದರಿಂದ ಅವರು ಕಾಯ್ದರು.

ಪಾಣಿನಿಯು ನಾಯಿಯನ್ನೂ ತರುಣನನ್ನೂ ದೇವೇಂದ್ರನನ್ನೂ ಒಂದೇ ಸೂತ್ರದಲ್ಲಿ ಸೇರಿಸಿದ್ದನ್ನು ಕಂಡು ಪಾಠಶಾಲೆಗಳಲ್ಲಿ ವಿದ್ಯಾರ್ಥಿಗಳು ನಗುವದುಂಟು. ಆ ಮೂರು ಶಬ್ದಗಳಲ್ಲಿಯೂ ವಕಾರವು ಉಕಾರವಾಗುವದೆಂಬದೇ ಅಲ್ಲಿಯ ಕಾರಣ. ಆದರೆ ಕಲಿಕೆಯ ವಿಷಯದಲ್ಲಿಯೂ ಈ ಮೂವರನ್ನು ಒಂದೇ ದಾರದಲ್ಲಿ ಪೋಣಿಸಿದರೆ ತಪ್ಪಾಗಲಾರದು. ಐದು ವರುಷ ಮುದ್ದಿಸಬೇಕು, ಹತ್ತು ವರುಷ ಹೊಡೆಯಬೇಕು, ಹದಿನಾರಾದ ಮೇಲೆ ಮಗನನ್ನು ಮಿತ್ರನಂತೆ ಕಾಣಬೇಕು ಎಂಬ ಅರ್ಥದ ನೀತಿಯನ್ನು ಹಿರಿಯರು ಉದಾಹರಿಸುವರು. ಹೇಳುವವರಲ್ಲಿ ಬಹು ಜನರಿಗೆ ನಡುವಿನ ಭಾಗವು ಮಾತ್ರ ಆಚರಣೆಗೆ ಬರುವದು. ಹತ್ತು ವರುಷ ಹೊಡೆಯಿಸಿಕೊಂಡವನು ಹದಿನಾರನೆಯ ವರುಷ ಮಿತ್ರನಾಗಲಿಕ್ಕೆ ಕರೆದರೆ ಹತ್ತಿರ ಬರುವನೇ ಎಂಬದನ್ನು ವಿಚಾರಿಸುವವರು ಕಡಿಮೆ. ಅದೇ ಚಾಣಕ್ಯನ ಹೆಸರಿನ ನೀತಿಗಳಲ್ಲಿ ನಾಯಿಯಿಂದ ಮನುಷ್ಯನು ಕಲಿಯತಕ್ಕ ಗುಣಗಳು ಆರೆಂದು ಹೇಳಿದೆ. ಸ್ವಲ್ಪದರಲ್ಲಿ ಸಂತೋಷ, ಒಡೆಯನಲ್ಲಿ ನಿಷ್ಠೆ ಮೊದಲಾದವು. ಕರೆದವನು ಹಿಂದೆ ಎಷ್ಟು ಹೊಡೆದಿದ್ದರೂ ಮತ್ತೊಮ್ಮೆ ನಂಬಿ ನೋಡುವ ಗುಣವನ್ನು ಏಳನೆಯದೆಂದು ಸೇರಿಸಬಹುದು.

ಮರುವರುಷ ಸುಗ್ಗಿಯ ತರುವಾಯ ಅದೇ ಹಿಂಡು ಬಂದಿತು. ಮುದುಕನೂ ಬಂದಿದ್ದನು. ಸಂಜೆಯ ಹೊತ್ತು ಯಜಮಾನರು ಹಗ್ಗ ಬಿಚ್ಚಿದ ಮೋತಿಯೊಡನೆ ಬದುವಿನ ಮೇಲೆ ನಿಂತಿರಲು, ಕಡಲೆಯ ಹೊಲದಿಂದ ಒಂದು ಮೊಲವು ಎದ್ದು ನೆಟ್ಟಗೆ ಕುರಿಗಳ ಕಡೆಗೆ ಓಡಿತು. ಮೋತಿಯು ಬಾಣದಂತೆ ಹೋಯಿತು. ಹಿಂಡು ಬೆದರಿ ಒಡೆಯಿತು, ಮರಿಗಳು ದಿಕ್ಕಾಪಾಲಾದವು. ಯಜಮಾನರ ಬಾಯಿ ಒಣಗಿತ್ತು; ಮೊದಲನೆಯ ಸಿಳ್ಳು ಬರೇ ಗಾಳಿಯಾಯಿತು. ಎರಡನೆಯದು ಬಂದಿತು. ಹಿಂಡಿನಿಂದ ಹತ್ತು ಮಾರು ದೂರದಲ್ಲಿ ನಾಯಿಯು ನಿಂತು, ಮೊಲದ ಕಡೆಗೊಮ್ಮೆ, ಕುರಿಗಳ ಕಡೆಗೊಮ್ಮೆ ನೋಡಿ, ಮೈಯೆಲ್ಲ ನಡುಗಿಸುತ್ತ ತಿರುಗಿ ಬಂದಿತು. ಆ ದಿನ ಯಜಮಾನರ ಕಿಸೆಯಲ್ಲಿ ರೊಟ್ಟಿಯ ಚೂರೂ ಇರಲಿಲ್ಲ. ಅವರು ಮಣ್ಣಿನಲ್ಲಿ ಮೊಳಕಾಲೂರಿ ಅದರ ಕೊರಳನ್ನು ತಬ್ಬಿಕೊಂಡರು.

“ಈಗ ಕಲತ್ರಿ, ಗೌಡ್ರ” ಎಂದನು ಮುದುಕನು. ನಾಯಿಯನ್ನು ಅವನು ಹೊಗಳಲಿಲ್ಲ.

ಮೋತಿಯು ಆಮೇಲೆ ಸಾಧುವಾಯಿತೆಂದು ಹೇಳಿದರೆ ಅದು ಕತೆಯಾದೀತು. ಕೋಳಿಗಳ ವಿಷಯದಲ್ಲಿ ಅದನ್ನು ಎಂದೂ ನಂಬಲಾಗಲಿಲ್ಲ. ಎಳೆಯ ಮರಿಗಳಿರುವಾಗ ಹಗ್ಗವನ್ನು ಬಿಚ್ಚಲೂ ಇಲ್ಲ. ಸಾವಿರಾರು ತಲೆಮಾರುಗಳಿಂದ ಕಣ್ಣಿನಲ್ಲಿಯೂ ಕಾಲಿನಲ್ಲಿಯೂ ಬಂದ ಗುಣವು ಒಂದು ವರುಷದಲ್ಲಿ ಹೋಗುವಂಥದಲ್ಲ. ಹೋಗಬೇಕಾದದ್ದೂ ಅಲ್ಲ. ನಾಯಿಯ ಬಾಲವು ಎಷ್ಟು ತಿದ್ದಿದರೂ ಡೊಂಕೆಂದು ಗಾದೆಯು ಹೇಳುತ್ತದೆ. ಸರಿ, ಆದರೆ ಬಾಲವನ್ನು ನೆಟ್ಟಗೆ ಮಾಡಬೇಕೆಂದು ಹೊರಟವರಾರು? ಡೊಂಕು ಬಾಲವು ನಾಯಿಯ ದೋಷವಲ್ಲ. ಅದು ಅಲ್ಲಾಡುತ್ತ ಬರುವದೋ, ಕಾಲುಗಳ ನಡುವೆ ಅಡಗಿ ಬರುವದೋ ಎಂಬದು ಮಾತ್ರ ಕರೆಯುವವನ ಕೈಯಲ್ಲಿದೆ. ದೊಡವಾಡದ ಆ ಮನೆಯಲ್ಲಿ ಬಾರಕೋಲು ಈಗಲೂ ಬಾಗಿಲ ಹಿಂದೆ ಇದೆ. ಎತ್ತುಗಳಿರುವ ಮನೆಯಲ್ಲಿ ಅದಿಲ್ಲದೆ ನಡೆಯದು. ಹುಡುಗನು ಮಾತ್ರ ಕೂಗಿದರೆ ಬರುವನು. ಲೆಕ್ಕದಲ್ಲಿ ಅವನು ಮೊದಲಿನವನಾಗಲಿಲ್ಲ. ಆದರೆ ಲೆಕ್ಕ ತಪ್ಪಿದ ದಿನವೂ ಮನೆಗೆ ಬರುವನು. ಶಿಕ್ಷೆಯೆಂಬ ಶಬ್ದದ ಹಳೆಯ ಅರ್ಥವನ್ನು ಬಲ್ಲವರಿಗೆ ಇಷ್ಟು ಫಲವು ಸಾಕು.